ಆಳದ ಮುಳುಗಿಗೆ ಯಾವ ಅನಿಲ, ಎಷ್ಟು ದೊಡ್ಡ ಸಿಲಿಂಡರ್?

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿಯೂ ಗೋವೆಯ ಗ್ರಾಂಡ್ ಐಲ್ಯಾಂಡಿನಲ್ಲಿಯೂ ಸ್ಕೂಬಾ ಮುಳುಗು ಇಂದು ಪ್ರವಾಸಿಗರಿಗೆ ಪರಿಚಿತವಾಗಿದೆ. ಕರಾವಳಿಯ ಕೆಲವು ಯುವಕರಿಗೆ ಅದು ಉದ್ಯೋಗವೂ ಹೌದು. ಕಡಿಮೆ ಆಳದಲ್ಲಿ ಒಮ್ಮೆ ಇಳಿದು ಬರುವುದು ಒಂದು ಬಗೆ. 30–40 ಮೀಟರ್ ಆಳಕ್ಕೆ ದಿನಕ್ಕೆರಡು ಬಾರಿ, ಹಲವು ದಿನ ಇಳಿಯುವುದು ಬೇರೆಯೇ ಬಗೆ. ಅಲ್ಲಿ ಜೀವ ಉಳಿಯುವುದು ಲೆಕ್ಕದ ಬಲದಿಂದ. ಆ ಲೆಕ್ಕಕ್ಕೆ ಬೇಕಾದ ಬಾಯ್ಲ್, ಡಾಲ್ಟನ್ ಮತ್ತು ಹೆನ್ರಿ ನಿಯಮಗಳನ್ನು ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ತರಗತಿಯಲ್ಲಿ ಕಲಿಯಬಲ್ಲರು. ಅವು ನೀರಿನೊಳಗೆ ಹೇಗೆ ಕೆಲಸ ಮಾಡುತ್ತವೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಉದಾಹರಣೆ: ಸ್ಕಾಪಾ ಫ್ಲೋ

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಲ್ಲಿ 1919ರ ಜೂನ್ 21ರಂದು ಜರ್ಮನ್ ನೌಕಾಪಡೆಯವರು ತಮ್ಮದೇ ಹಡಗುಗಳನ್ನು ಮುಳುಗಿಸಿದರು. ಮುಳುಗಿದ 52 ಹಡಗುಗಳಲ್ಲಿ ಬಹುಪಾಲನ್ನು ಬಳಿಕ ಮೇಲೆತ್ತಲಾಯಿತು. ಉಳಿದವುಗಳಲ್ಲಿ ಮೂರು ದೊಡ್ಡ ಯುದ್ಧನೌಕೆಗಳೂ ನಾಲ್ಕು ಕ್ರೂಸರುಗಳೂ ಸೇರಿವೆ. ಕ್ಯೋಲ್ನ್ ಎಂಬ ಕ್ರೂಸರಿನ ಬಳಿ ಕಡಲತಳ ಸುಮಾರು 36 ಮೀಟರ್, ಮಾರ್ಕ್‌ಗ್ರಾಫ್ ಯುದ್ಧನೌಕೆಯ ಬಳಿ ಸುಮಾರು 45 ಮೀಟರ್. ಇವನ್ನು ನೋಡಲು ಬರುವವರು ಸಾಮಾನ್ಯವಾಗಿ ವಾರವಿಡೀ ದಿನಕ್ಕೆರಡು ಬಾರಿ ಇಳಿಯುತ್ತಾರೆ.

ಮಿಶ್ರಣದ ಆಯ್ಕೆ

ಸಮುದ್ರದ ಮೇಲ್ಮೈಯಲ್ಲಿ ಒತ್ತಡ 1 ಬಾರ್. ಪ್ರತಿ 10 ಮೀಟರ್ ಆಳಕ್ಕೆ ಇನ್ನೊಂದು ಬಾರ್ ಕೂಡುತ್ತದೆ. ಅಂದರೆ 30 ಮೀಟರಿನಲ್ಲಿ 4 ಬಾರ್. ಡಾಲ್ಟನ್ ನಿಯಮದಂತೆ ಪ್ರತಿಯೊಂದು ಅನಿಲದ ಪಾಲಿನ ಒತ್ತಡವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಇದರಿಂದ ಎರಡು ಅಪಾಯಗಳಿವೆ.

ಮೊದಲನೆಯದು ಸಾರಜನಕ, ಅಂದರೆ ನೈಟ್ರೋಜನ್. ಹೆನ್ರಿ ನಿಯಮದಂತೆ ಒತ್ತಡ ಹೆಚ್ಚಿದಷ್ಟೂ ಅದು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚು ಕರಗುತ್ತದೆ. ಅವಸರದಿಂದ ಮೇಲೇರಿದರೆ, ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ಉಕ್ಕುವಂತೆ, ದೇಹದೊಳಗೆ ಗುಳ್ಳೆಗಳೇಳುತ್ತವೆ. ಇದರಿಂದ ಕೀಲುನೋವು, ಪಾರ್ಶ್ವವಾಯು, ಸಾವು ಕೂಡ ಸಂಭವಿಸಬಹುದು. 30 ಮೀಟರ್ ದಾಟಿದ ಮೇಲೆ ಇದೇ ಸಾರಜನಕ ಅಮಲೇರಿಸಿ ಬುದ್ಧಿಯನ್ನು ಮಂಕಾಗಿಸುತ್ತದೆ.

ಎರಡನೆಯದು ಆಮ್ಲಜನಕ. ಅದರ ಪಾಲಿನ ಒತ್ತಡ ಅತಿಯಾದರೆ ನೀರಿನೊಳಗೇ ಸೆಳವು ಬರಬಹುದು. ಆದ್ದರಿಂದ 1.4 ಬಾರ್ ಅನ್ನು ಮಿತಿಯೆಂದು ಇಟ್ಟುಕೊಳ್ಳುತ್ತಾರೆ.

ಆಮ್ಲಜನಕವನ್ನು ಹೆಚ್ಚಿಸಿ ಸಾರಜನಕವನ್ನು ತಗ್ಗಿಸಿದ ಗಾಳಿಗೆ ನೈಟ್ರಾಕ್ಸ್ ಎಂದು ಹೆಸರು. ಕ್ಯೋಲ್ನ್ ನೌಕೆಗೆ ಶೇ. 32ರ ಮಿಶ್ರಣ ತಕ್ಕದ್ದೇ? ಯೋಜಿಸಿದ ಆಳ 30 ಮೀಟರ್ ಎಂದಾದರೆ 0.32 × 4 = 1.28 ಬಾರ್, ಮಿತಿಯೊಳಗಿದೆ. ಆದರೆ ಕೈತಪ್ಪಿ ತಳಕ್ಕಿಳಿದರೆ 0.32 × 4.6 = 1.47 ಬಾರ್, ಮಿತಿ ಮೀರಿತು. ಶೇ. 30ರ ಮಿಶ್ರಣವಾದರೆ ತಳದಲ್ಲಿಯೂ 1.38 ಬಾರ್. ಆದ್ದರಿಂದ ಮಿಶ್ರಣವನ್ನು ಆರಿಸಬೇಕಾದುದು ಯೋಜಿಸಿದ ಆಳಕ್ಕಲ್ಲ, ತಲುಪಬಹುದಾದ ಗರಿಷ್ಠ ಆಳಕ್ಕೆ.

ಮಾರ್ಕ್‌ಗ್ರಾಫ್‌ನಂತಹ ಆಳಕ್ಕೆ ತಾಂತ್ರಿಕ ತರಬೇತಿ ಪಡೆದವರು ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಬಳಸುತ್ತಾರೆ. ಹೀಲಿಯಂ ಅಮಲೇರಿಸುವುದಿಲ್ಲ. ಶೇ. 21 ಆಮ್ಲಜನಕ, ಶೇ. 35 ಹೀಲಿಯಂ ಇದ್ದರೆ 45 ಮೀಟರಿನಲ್ಲಿ ಸಾರಜನಕದ ಪ್ರಭಾವ ಸಾಮಾನ್ಯ ಗಾಳಿಯಲ್ಲಿ 21 ಮೀಟರ್ ಇಳಿದಷ್ಟೇ ಇರುತ್ತದೆ. ಆದರೆ ಹೀಲಿಯಂ ದುಬಾರಿ.

ಸಿಲಿಂಡರಿನ ಆಯ್ಕೆ

ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಬಾಯ್ಲ್ ನಿಯಮದಂತೆ 30 ಮೀಟರಿನಲ್ಲಿ 80 ಲೀಟರ್ ಬೇಕು. ಇದಕ್ಕೂ ಮೊದಲು ಆಪತ್ಕಾಲದ ಪಾಲನ್ನು ತೆಗೆದಿಡಬೇಕು: ಜೊತೆಗಾರನ ಅನಿಲ ಮುಗಿದರೆ ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡುತ್ತ ಮೇಲೆ ಬರುವಂತಿರಬೇಕು. ಗಾಬರಿಯಲ್ಲಿ ಇಬ್ಬರಿಗೂ ಸೇರಿ ನಿಮಿಷಕ್ಕೆ 60 ಲೀಟರ್ ಎಂದಿಟ್ಟುಕೊಳ್ಳೋಣ. ತಳದಲ್ಲಿ 1 ನಿಮಿಷಕ್ಕೆ 240, ಮೇಲೇರುವ 3 ನಿಮಿಷಕ್ಕೆ 450, 5 ಮೀಟರಿನಲ್ಲಿ ತಂಗುವ 3 ನಿಮಿಷಕ್ಕೆ 270. ಒಟ್ಟು 960 ಲೀಟರ್.

200 ಬಾರ್ ತುಂಬಿದ ಸಿಲಿಂಡರುಗಳಲ್ಲಿ ಈ ಪಾಲನ್ನು ಕಳೆದು ಉಳಿಯುವ ಸಮಯ ಹೀಗಿದೆ:

12 ಲೀಟರ್: 80 ಬಾರ್ ಮೀಸಲು, ಸುಮಾರು 18 ನಿಮಿಷ.
15 ಲೀಟರ್: 64 ಬಾರ್ ಮೀಸಲು, ಸುಮಾರು 25 ನಿಮಿಷ.
12 ಲೀಟರಿನ ಜೋಡಿ: 40 ಬಾರ್ ಮೀಸಲು, ಸುಮಾರು 48 ನಿಮಿಷ.

ಎರಡು ಗಡಿಯಾರಗಳು

ಜೋಡಿ ಸಿಲಿಂಡರೇ ಉತ್ತಮವೆಂದು ಇದರಿಂದ ತೋರಬಹುದು. ಆದರೆ ದೇಹಕ್ಕೆ ತನ್ನದೇ ಗಡಿಯಾರವಿದೆ. ಬಹಳ ಬಳಕೆಯಲ್ಲಿರುವ ಕೋಷ್ಟಕವೊಂದರಂತೆ, ಸಾಮಾನ್ಯ ಗಾಳಿಯಲ್ಲಿ 30 ಮೀಟರಿಗೆ ಇಳಿದವನು 20 ನಿಮಿಷದೊಳಗೆ ಹೊರಟರೆ ಮಾತ್ರ ನಡುವೆ ಕಡ್ಡಾಯವಾಗಿ ತಂಗದೆ ಮೇಲೆ ಬರಬಹುದು. ಶೇ. 30ರ ಮಿಶ್ರಣದಿಂದ ಈ ಮಿತಿ ಕೆಲವು ನಿಮಿಷ ಹಿಗ್ಗುತ್ತದೆ, ಆದರೆ ಅರ್ಧ ಗಂಟೆಯನ್ನು ಮುಟ್ಟುವುದಿಲ್ಲ. ಸಿಲಿಂಡರಿನಲ್ಲಿ 48 ನಿಮಿಷದ ಅನಿಲವಿದ್ದರೂ ದೇಹಕ್ಕೆ ಅಷ್ಟು ಸಮಯವಿಲ್ಲ.

ಎರಡನೆಯ ಮುಳುಗಿನಲ್ಲಿ ಈ ಅಂತರ ಇನ್ನೂ ಹೆಚ್ಚುತ್ತದೆ. ಸಿಲಿಂಡರನ್ನು ಮತ್ತೆ ಪೂರ್ತಿ ತುಂಬಿಸಬಹುದು. ದೇಹದಲ್ಲಿ ಉಳಿದ ಸಾರಜನಕವನ್ನು ಹಾಗೆ ಖಾಲಿ ಮಾಡಲಾಗದು. ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಆದ್ದರಿಂದ ಹೆಚ್ಚು ಆಳದ ಮುಳುಗನ್ನು ಮೊದಲು ಮುಗಿಸಿ, ಮೇಲೆ ಸಾಕಷ್ಟು ವಿರಾಮ ಪಡೆದು, ಎರಡನೆಯದನ್ನು ಕಡಿಮೆ ಆಳಕ್ಕೂ ಕಡಿಮೆ ಸಮಯಕ್ಕೂ ಯೋಜಿಸುವುದು ವಾಡಿಕೆ. ಆಮ್ಲಜನಕಕ್ಕೂ ದಿನದ ಲೆಕ್ಕವಿದೆ: ಅಮೆರಿಕದ ನೋವಾ ಸಂಸ್ಥೆಯ ಮಿತಿಯಂತೆ 1.4 ಬಾರ್‌ನಲ್ಲಿ ಒಂದು ಮುಳುಗಿಗೆ 150 ನಿಮಿಷ, 24 ಗಂಟೆಗಳಲ್ಲಿ ಒಟ್ಟು 180 ನಿಮಿಷ. ಹಲವು ಮುಳುಗುಗಳ ಬಳಿಕ ವಿಮಾನವೇರುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು.

ಮರೆಯಬಾರದ ಕ್ರಮ

ಮೊದಲು ಗರಿಷ್ಠ ಆಳ, ಅದಕ್ಕೆ ತಕ್ಕ ಮಿಶ್ರಣ, ಆ ಮಿಶ್ರಣ ಕೊಡುವ ಸಮಯ, ಆ ಸಮಯಕ್ಕೂ ಮೀಸಲಿಗೂ ಸಾಲುವ ಸಿಲಿಂಡರ್: ಲೆಕ್ಕ ಈ ಕ್ರಮದಲ್ಲಿಯೇ ನಡೆಯಬೇಕು. ಸಿಲಿಂಡರಿನಲ್ಲಿರುವ ಆಮ್ಲಜನಕದ ಪ್ರಮಾಣವನ್ನು ಇಳಿಯುವವನೇ ಮಾಪಕದಿಂದ ಅಳೆದು, ಅದರ ಮೇಲೆ ಬರೆದಿಡಬೇಕು. ಈ ಲೇಖನ ತರಬೇತಿಗೆ ಬದಲಿಯಲ್ಲ. ಮಗ ಅಥವಾ ಮಗಳು ಈ ವೃತ್ತಿಗೆ ಹೋಗಬಯಸಿದರೆ ಪಾಲಕರು ತರಬೇತಿ ಕೊಡುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕದ್ದಲ್ಲ, ಈ ಲೆಕ್ಕಗಳನ್ನು ಹೇಗೆ ಕಲಿಸುತ್ತೀರಿ ಎಂಬುದು. ಮೇಲಿನ ಗುಣಾಕಾರಗಳನ್ನು ಮಕ್ಕಳು ಬೇರೆ ಬೇರೆ ಆಳಗಳಿಗೆ ತಾವೇ ಮಾಡಿನೋಡಲಿ ಎಂದು ನಾವು ಆಶಿಸುತ್ತೇವೆ.