ಮೂವತ್ತೈದು ಕಂತಿನ ಕರೆಂಟು

ನಮ್ಮ ಸೋದರಮಾವನ ಗಂಟಲಿಗೆ 'ಕರೆಂಟ್ ಕೊಡಿಸಿ' ಎರಡು ವರ್ಷವಾಯ್ತು. ರೇಡಿಯೋಥೆರಪಿಗೆ ನಮ್ಮೂರ ಕಡೆ ಅದೇ ಹೆಸರು. ಒಟ್ಟು 70 ಗ್ರೇ, 35 ಕಂತು, ಏಳು ವಾರ. "ಇಷ್ಟು ಸಲ ಓಡಾಡಿಸೋ ಬದಲು ಒಂದೇ ದಿನ ಕೊಟ್ಟು ಮುಗಿಸಬಾರದೇನೋ?" ಅಂತ ಮಾವ ಕೇಳಿದ್ರು. ಉತ್ತರ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ನೂರು ವರ್ಷ ಹಿಂದಿನ ಪ್ಯಾರಿಸ್ಸು, ಜೊತೆಗೆ ಒಂದಿಷ್ಟು ಟಗರುಗಳು!

ಅದಕ್ಕೂ ಮುಂಚಿನ ಕತೆ ಕೇಳಿ. ಜರ್ಮನಿಯ ಚಕ್ರವರ್ತಿ ಮೂರನೇ ಫ್ರೆಡರಿಕ್ 1888ರಲ್ಲಿ ಗಂಟಲ ಕ್ಯಾನ್ಸರಿನಿಂದ ಸತ್ತ. ಆಳಿದ್ದು ಬರೀ 99 ದಿನ. ಉಸಿರಾಡಲು ಕುತ್ತಿಗೆಗೆ ತೂತು ಮಾಡಿದ್ದರಿಂದ ಮಾತು ನಿಂತಿತ್ತು. ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆಯುತ್ತಿದ್ದ. ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಏಳು ವರ್ಷ ತಡ.

ಶುರುವಿನಲ್ಲಿ ಎಷ್ಟೋ ವೈದ್ಯರದ್ದೂ ಮಾವನದೇ ಲೆಕ್ಕ: ಒಂದೆರಡು ಸಲಕ್ಕೇ ದೊಡ್ಡ ಡೋಸು. ಚರ್ಮ ಸುಡುತ್ತಿತ್ತು, ಗೆಡ್ಡೆ ಮತ್ತೆ ಬರುತ್ತಿತ್ತು. ಪ್ಯಾರಿಸ್ಸಿನ ರೇಡಿಯಂ ಇನ್‌ಸ್ಟಿಟ್ಯೂಟಿನ ಕ್ಲಾಡಿಯಸ್ ರೆಗೋ ಟಗರಿನ ವೃಷಣದ ಮೇಲೆ ಪ್ರಯೋಗ ಮಾಡಿದ. ಒಂದೇ ಸಲ ಕೊಟ್ಟರೆ ಚರ್ಮ ಕೆಡದೆ ವೀರ್ಯೋತ್ಪತ್ತಿ ನಿಲ್ಲಿಸಲಾಗಲಿಲ್ಲ; ಹಲವು ದಿನಕ್ಕೆ ಹಂಚಿ ಕೊಟ್ಟರೆ ಅದು ನಿಂತಿತು, ಚರ್ಮ ಉಳಿಯಿತು. ಅಲ್ಲೇ ಇದ್ದ ಆನ್ರಿ ಕುತಾರ್ ಇದನ್ನೇ ಗಂಟಲಿಗೆ ಅಳವಡಿಸಿ, 1922ರಲ್ಲಿ ಗುಣವಾದವರ ವಿವರ ಮುಂದಿಟ್ಟ. ಎರಡು ಕಂತುಗಳ ನಡುವೆ ಒಳ್ಳೆಯ ಜೀವಕೋಶ ತನ್ನನ್ನು ರಿಪೇರಿ ಮಾಡಿಕೊಳ್ಳುತ್ತೆ. ಕ್ಯಾನ್ಸರಿನದಕ್ಕೆ ಅಷ್ಟು ಚೆನ್ನಾಗಿ ಆಗಲ್ಲ. ಗುಟ್ಟು ಇಷ್ಟೇ. ದೊಡ್ಡ ಕೆಲಸವನ್ನ ತುಂಡು ಮಾಡೋದು ನಮ್ಮ ಸಾಫ್ಟ್‌ವೇರಿನವರ ಬುದ್ಧಿ ಅಂದ್ಕೊಂಡಿದ್ದೆ ನಾನು!

ಆಮೇಲೆ 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ ಬಂತು. ಧ್ವನಿಪೆಟ್ಟಿಗೆಯ ಕ್ಯಾನ್ಸರು ಬಲಿತಿದ್ದ 332 ಜನ. ಅರ್ಧ ಜನಕ್ಕೆ ಪೆಟ್ಟಿಗೆ ತೆಗೆದು ವಿಕಿರಣ, ಉಳಿದವರಿಗೆ ಮೊದಲು ಕೀಮೋ, ಆಮೇಲೆ ವಿಕಿರಣ. ಎರಡು ವರ್ಷದ ನಂತರ ಎರಡೂ ಗುಂಪಿನಲ್ಲಿ ಬದುಕಿದ್ದವರು ಶೇ. 68. ಆದರೆ ಎರಡನೇ ಗುಂಪಿನ ಶೇ. 64 ಮಂದಿಗೆ ಧ್ವನಿಪೆಟ್ಟಿಗೆ ಉಳಿದಿತ್ತು.

ಹಾಗಂತ ಪುಕ್ಕಟೆ ಅಲ್ಲ. ಲಾಲಾಗ್ರಂಥಿ ಸುಟ್ಟರೆ ಬಾಯಿ ಒಣಗುತ್ತೆ. ಅದನ್ನು ತಪ್ಪಿಸಿ ಕಿರಣ ಹಾಯಿಸುವ ಐಎಂಆರ್‌ಟಿಯನ್ನು ಬ್ರಿಟನ್ನಿನಲ್ಲಿ 94 ಜನರ ಮೇಲೆ ಪರೀಕ್ಷಿಸಿದರು. 2011ರ ವರದಿಯ ಪ್ರಕಾರ, ವರ್ಷದ ನಂತರ ಬಾಯಿ ತೀರಾ ಒಣಗುತ್ತಿದ್ದವರು ಹಳೇ ಪದ್ಧತಿಯಲ್ಲಿ ಶೇ. 74, ಹೊಸದರಲ್ಲಿ ಶೇ. 38.

ಮಾವನಿಗೆ ಕೊಟ್ಟಿದ್ದೂ ಹೊಸದೇ. ಆದರೂ ನೀರಿನ ಬಾಟಲಿ ಬಿಟ್ಟು ಹೊರಡಲ್ಲ, ರೊಟ್ಟಿ ಸಾರಲ್ಲಿ ನೆನೀಬೇಕು. ಹಲ್ಲು, ಥೈರಾಯ್ಡ್ ತಪಾಸಣೆ ತಪ್ಪಿಸೋ ಹಾಗಿಲ್ಲ. ಎಷ್ಟೋ ತಿಂಗಳು ಉಪ್ಪು-ಹುಳಿ ಒಂದೂ ಗೊತ್ತಾಗ್ತಿರಲಿಲ್ಲ.

ಆದ್ರೆ ಭಾನುವಾರ ಫೋನಿನಲ್ಲಿ "ಊಟ ಆಯ್ತೇನೋ?" ಅಂತ ಗೊಗ್ಗರು ದನಿ ಕೇಳುತ್ತಲ್ಲ... ಚಕ್ರವರ್ತಿಗೂ ಸಿಗದೇ ಹೋದದ್ದು ಅದು.