ಕಾಡುಕೋಳಿ, ಕೇಪಿನ ಕೋವಿ ಮತ್ತು ಒಂದು ಪರವಾನಿಗೆ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಗೇರುಸೊಪ್ಪೆಯಿಂದ ದೇವಿಮನೆಯವರೆಗಿನ ಘಟ್ಟದ ತಪ್ಪಲಿನಲ್ಲಿ ಕಾಡುಹುಂಜದ ಗಂಟಲು ತೆರೆಯುತ್ತದೆ. ಊರ ಹುಂಜದ ಹಾಗೆ ಎಳೆದು ರಾಗ ತೆಗೆಯುವ ಅಭ್ಯಾಸ ಇದಕ್ಕಿಲ್ಲ. ಕಡಿದು ಕಡಿದು ಕೂಗುತ್ತದೆ, ಜಗಳಕ್ಕೆ ಕರೆಯುವವನ ದನಿಯಲ್ಲಿ. ಬೆಳಗಿನ ಜಾವ ಈ ದಿಬ್ಬದಿಂದ ಒಂದು ಕೂಗಿದರೆ ಆಚೆ ದಿಬ್ಬದಿಂದ ಇನ್ನೊಂದು ಉತ್ತರ ಕೊಡುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಮೂಡಣ ಅಂಚಿನ ಅಡಿಕೆ ತೋಟದವರು ಇದನ್ನು ಇಂದಿಗೂ ಕೇಳುತ್ತಾರೆ. ಒಂದು ಕಾಲದಲ್ಲಿ ಇದನ್ನು ಕೇಳಿ ಎದ್ದು ಹೊರಡುವವರಿದ್ದರು.

ಹೊರಟವನ ಕಂಕುಳಲ್ಲಿ ಸಾಮಾನ್ಯವಾಗಿ ಒಂದು ಸಾಕಿದ ಹುಂಜ. ಕಾಡಿನ ನಡುವಿನ ಬಯಲಲ್ಲಿ ಅದನ್ನು ಗೂಟಕ್ಕೆ ಕಟ್ಟಿ, ಸುತ್ತ ಉರುಳು ನೆಟ್ಟು, ಮರೆಯಲ್ಲಿ ಕೂತರಾಯಿತು. ಕಟ್ಟಿದ ಹುಂಜ ಕೂಗುತ್ತದೆ. ತನ್ನ ಸೀಮೆಯೊಳಗೆ ಇನ್ನೊಬ್ಬ ಗಂಡು ನುಗ್ಗಿದನೆಂದು ಕಾಡುಹುಂಜ ರೆಕ್ಕೆ ಬಡಿದುಕೊಂಡು ಬರುತ್ತದೆ. ಕಾಲು ಉರುಳಿಗೆ ಸಿಗುತ್ತದೆ. ಪಶ್ಚಿಮ ಘಟ್ಟದುದ್ದಕ್ಕೂ ಗೊತ್ತಿದ್ದ ಉಪಾಯ ಇದು. ಫೆಬ್ರುವರಿಯಿಂದ ಮೇವರೆಗೆ, ಹುಂಜಕ್ಕೆ ಹೇಟೆಯ ಚಿಂತೆ ಹತ್ತಿದಾಗ, ಇದು ಹೆಚ್ಚು ಫಲಿಸುತ್ತಿತ್ತು. ಮಳೆಗಾಲದಲ್ಲಿ ಹುಂಜ ತನ್ನ ಕೊರಳ ಗರಿ ಉದುರಿಸಿಕೊಂಡು ಬಡವಾಗುತ್ತದೆ, ಕೂಗುವುದನ್ನೂ ಕಡಿಮೆ ಮಾಡುತ್ತದೆ.

ಅಮೆರಿಕದಲ್ಲಿ ಕಾಡು ಟರ್ಕಿ ಕೋಳಿಯ ವಸಂತದ ಬೇಟೆ ನಡೆಯುವುದೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. ಅಲ್ಲಿನ ಬೇಟೆಗಾರ ಮರದ ಪೆಟ್ಟಿಗೆಯನ್ನು ಉಜ್ಜಿ ಹೇಟೆಯ ದನಿ ಹೊರಡಿಸುತ್ತಾನೆ, ಗಂಡು ಮೋಹಿತನಾಗಿ ಬರುತ್ತದೆ. ಅಲ್ಲಿ ಪ್ರೇಮದ ಮೋಸ, ಇಲ್ಲಿ ಪೌರುಷದ ಮೋಸ. ಟರ್ಕಿಗೂ ಈ ಕರಾವಳಿಗೂ ಒಂದು ಹಳೆಯ ನಂಟಿದೆ. ಅಮೆರಿಕದ ಆ ಹಕ್ಕಿ ಮೊಘಲ್ ದರ್ಬಾರಿಗೆ ತಲುಪಿದ್ದು ಪೋರ್ಚುಗೀಸರ ಗೋವೆಯಿಂದ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಲ್ಲಿ ಕೊಂಡು ತಂದದ್ದನ್ನು ಕಂಡು ಜಹಾಂಗೀರ್ ಬೆರಗಾದ. ಅದರ ತಲೆ, ಕೊರಳು ಗೋಸುಂಬೆಯ ಹಾಗೆ ಬಣ್ಣ ಬದಲಿಸುವುದನ್ನು ತನ್ನ ಆತ್ಮಕಥೆಯಲ್ಲಿ ಬರೆದ. ಚಿತ್ರಕಾರ ಮನ್ಸೂರನಿಂದ ಚಿತ್ರ ಬರೆಸಿದ. ಆ ಹೊತ್ತಿಗೆ ಹೊನ್ನಾವರದ ಕೋಟೆಯಲ್ಲೂ ಪೋರ್ಚುಗೀಸರೇ ಇದ್ದರು.

ನಮ್ಮ ಕಾಡುಕೋಳಿ ದೊರೆಗಳ ಕಣ್ಣಿಗೆ ಬಿದ್ದದ್ದು ಕಡಿಮೆ, ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಹೆಚ್ಚು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭಾರತ ಸುತ್ತಿದ ಫ್ರೆಂಚ್ ನಿಸರ್ಗತಜ್ಞ ಪಿಯರ್ ಸೊನೆರಾನ ಹೆಸರೇ ಇದರ ಶಾಸ್ತ್ರೀಯ ನಾಮದಲ್ಲಿ ಕೂತಿದೆ. ಊರ ಕೋಳಿಗಳ ಮೂಲ ಉತ್ತರ ಮತ್ತು ಪೂರ್ವದ ಕೆಂಪು ಕಾಡುಕೋಳಿ ಎಂದು ಡಾರ್ವಿನ್ ಕಾಲದಿಂದ ನಂಬಿಕೊಂಡು ಬಂದಿದ್ದರು. 2008ರಲ್ಲಿ ಪ್ರಕಟವಾದ ತಳಿ ಅಧ್ಯಯನವೊಂದು ಅದಕ್ಕೆ ಸಣ್ಣ ತಿದ್ದುಪಡಿ ತಂದಿತು: ಸಾಕುಕೋಳಿಯ ಹಳದಿ ಕಾಲಿನ ಗುಣ ಬಂದದ್ದು ದಕ್ಷಿಣದ ಈ ಬೂದು ಕಾಡುಕೋಳಿಯಿಂದ. ಕುಮಟಾ ಸಂತೆಯಲ್ಲಿ ಹಳದಿ ಕಾಲಿನ ಕೋಳಿ ಆರಿಸುವವರು ಗೊತ್ತಿಲ್ಲದೆಯೇ ಅದರ ವಂಶವನ್ನು ಆರಿಸುತ್ತಿದ್ದಾರೆ.

ಬೇಟೆಯ ಕತೆ ಕನ್ನಡ ನಾಡಿನಲ್ಲಿ ತಾಮ್ರಪಟ ಮತ್ತು ಕಲ್ಲುಗಳಷ್ಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮೃಗಯೆಗೆ ಒಂದು ಅಧ್ಯಾಯವೇ ಇದೆ. ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ವಿಧಾನವೂ ಅದರಲ್ಲಿ ಸೇರಿದೆ. ಗೂಟದ ಹುಂಜದ ಉಪಾಯವೂ ಅದೇ ಜಾತಿಯದು. ಅದಕ್ಕೂ ಹಿಂದಿನ, ಹತ್ತನೆಯ ಶತಮಾನದ ನಡುವಿನ ಆತಕೂರು ಶಾಸನ ಇನ್ನೂ ಸೊಗಸು. ಗಂಗ ಬೂತುಗನ ಕಡೆಯ ಮಣಲೇರ ಎಂಬ ವೀರನ ನಾಯಿ ಕಾಳಿ, ಹಂದಿಯೊಂದರ ಮೇಲೆ ಬಿದ್ದು ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ಬೇಟೆಗಾರನಿಗಿಂತ ನಾಯಿಯ ಹೆಸರು ಜನಕ್ಕೆ ನೆನಪಿರುವ ಅಪರೂಪದ ದಾಖಲೆ ಅದು.

ಹೊನ್ನಾವರ ಸೀಮೆಯವರಿಗೆ ಹಂದಿಬೇಟೆ ಕಲ್ಲಿಗಿಂತ ರಂಗಸ್ಥಳದಲ್ಲೇ ಹೆಚ್ಚು ಪರಿಚಿತ. ಕಿರಾತಾರ್ಜುನ ಪ್ರಸಂಗದಲ್ಲಿ ಒಂದೇ ಹಂದಿಗೆ ಎರಡು ಬಾಣ ಬೀಳುತ್ತದೆ, ಒಂದು ಅರ್ಜುನನದು, ಇನ್ನೊಂದು ಬೇಡನ ವೇಷದ ಶಿವನದು. ಹಂದಿ ಯಾರದು? ದೇವರೂ ನರನೂ ಇದಕ್ಕಾಗಿಯೇ ಕೈಕೈ ಮಿಲಾಯಿಸುತ್ತಾರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಈ ನೆಲದಲ್ಲಿ, ಕಿರಾತನ ಪ್ರವೇಶಕ್ಕೆ ಚಂಡೆ ಬಿರುಸಾದಾಗ ಹುರುಪಾಗುತ್ತಿದ್ದ ಪ್ರೇಕ್ಷಕರಲ್ಲಿ ಹಲವರಿಗೆ ಆ ಜಗಳ ಪುರಾಣವಾಗಿ ಕಂಡಿರಲಾರದು. ಮೊದಲ ಈಡು ಯಾರದು, ತೊಡೆ ಯಾರ ಪಾಲು, ನಾಯಿಯ ಪಾಲು ಎಷ್ಟು ಎಂಬ ತಕರಾರಿಲ್ಲದೆ ಮಲೆನಾಡಿನ ಯಾವ ಹಂದಿಬೇಟೆಯೂ ಮುಗಿದದ್ದಿಲ್ಲ. ಹಳು ನುಗ್ಗುವವರು, ಬಿಲ್ಲಿಗೆ ನಿಲ್ಲುವವರು, ಮರಸು ಕೂರುವವರು ಎಂಬ ಘಟ್ಟದ ಮೇಲಿನ ಶ್ರಮವಿಭಾಗವನ್ನು ಕುವೆಂಪು ಕಾನೂರು ಹೆಗ್ಗಡಿತಿಯಲ್ಲಿ ಓದುಗರ ಕಣ್ಣಿಗೆ ಕಟ್ಟಿಟ್ಟಿದ್ದಾರೆ.

ಕಾಡು ಆಗ ಯಾರದೂ ಆಗಿರಲಿಲ್ಲ ಎಂದುಕೊಂಡರೆ ತಪ್ಪು. ಹುಲಿಯಪ್ಪ, ಜಟಗ ಮುಂತಾದ ದೈವಗಳ ಕಾವಲು ಅದಕ್ಕಿತ್ತು. ಹೊನ್ನಾವರದ ಕರಿಕಾನಮ್ಮನ ಗುಡ್ಡದಂತಹ ದೇವರ ಕಾನುಗಳಿಗೆ ಕೊಡಲಿ ಒಯ್ಯಲು ಜನ ಅಂಜುತ್ತಿದ್ದರು. ಹೆದರಿಕೆಯೇ ಕಾಯಿದೆಯಾಗಿದ್ದ ಕಾಲ. ಆಮೇಲೆ ಬಂದದ್ದು ಅಚ್ಚಾದ ಕಾಯಿದೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕನ್ನಡ ಜಿಲ್ಲೆ ಕಂಪನಿ ಸರ್ಕಾರದ ಕೈಸೇರಿತು. ಮೊದಲು ಇಡೀ ಜಿಲ್ಲೆ ಮದರಾಸಿಗೆ ಸೇರಿತ್ತು; 1862ರಲ್ಲಿ ಉತ್ತರದ ಅರ್ಧವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗೇರಿಸುತ್ತಿದ್ದ ಕುಮಟಾ ಬಂದರಿಗೆ ಮುಂಬಯಿ ವರ್ತಕರ ನಂಟು ಬೇಕಿತ್ತು. ಕಾಗದದ ಮೇಲಿನ ಈ ಬದಲಾವಣೆಯ ಬಿಸಿ ಉರುಳಿನವನಿಗೆ ತಟ್ಟಿದ್ದು ಹದಿನಾರು ವರ್ಷದ ನಂತರ. 1878ರಲ್ಲಿ ಎರಡು ಕಾಯಿದೆ ಒಟ್ಟಿಗೆ ಬಂದವು. ಒಂದು ಆಯುಧಗಳದು: ಪರವಾನಿಗೆ ಇಲ್ಲದೆ ಕೋವಿ ಇಟ್ಟುಕೊಳ್ಳುವಂತಿಲ್ಲ. ಇನ್ನೊಂದು ಅರಣ್ಯದ್ದು: ಕಾದಿಟ್ಟ ಕಾಡಿನಲ್ಲಿ ನಿಯಮ ಮೀರಿ ಬೇಟೆಯಾಡುವುದು, ಈಡು ಹೊಡೆಯುವುದು, ಮೀನು ಹಿಡಿಯುವುದು, ನೀರಿಗೆ ವಿಷ ಹಾಕುವುದು, ಉರುಳು ಒಡ್ಡುವುದು ಎಲ್ಲವೂ ಅಪರಾಧ. ಮದರಾಸಿನಲ್ಲೇ ಉಳಿದ ದಕ್ಷಿಣ ಕನ್ನಡಕ್ಕೆ ಅದರದೇ ಅರಣ್ಯ ಕಾಯಿದೆ ಬಂದದ್ದು 1882ರಲ್ಲಿ. ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ಸಿಕ್ಕಿತು. ಹೊನ್ನಾವರದ ಹಾಲಕ್ಕಿ ಒಕ್ಕಲಿಗನಿಗಾಗಲಿ, ಹಳೆಪೈಕನಿಗಾಗಲಿ, ಮುಕ್ರಿಗಾಗಲಿ ಅಂಥ ಭಾಗ್ಯವಿರಲಿಲ್ಲ.

ಒಂದು ಕೈಯಲ್ಲಿ ನಿಷೇಧ, ಇನ್ನೊಂದು ಕೈಯಲ್ಲಿ ಬಹುಮಾನ. ಹುಲಿ ಕೊಂದು ತಂದವರಿಗೆ ಅದೇ ಸರ್ಕಾರ ಹಣ ಕೊಡುತ್ತಿತ್ತು. ಹುಲಿ ಕೊಂದವನು ಕಚೇರಿಗೆ ಬಂದರೆ ಶೂರ, ಕಾಡುಕೋಳಿಗೆ ಉರುಳಿಟ್ಟವನು ಅದೇ ಕಚೇರಿಯಲ್ಲಿ ಕಳ್ಳ.

ಅಚ್ಚಿನಲ್ಲಿ ಉಳಿದ ಬೇಟೆಯ ಅನುಭವಗಳು ಯಾರವು ಎಂಬ ಪ್ರಶ್ನೆಯ ಉತ್ತರ ಇಲ್ಲೇ ಇದೆ. 1883ರಲ್ಲಿ ಮುಂಬಯಿಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಅದೇ ವರ್ಷ ಉತ್ತರ ಕನ್ನಡದ ಗೆಜೆಟಿಯರೂ ಹೊರಬಂತು. ಸೊಸೈಟಿಯ ಪತ್ರಿಕೆ ಸಾಹೇಬರ ಶಿಕಾರಿ ಕತೆಗಳಿಗೆ, ಹಕ್ಕಿ ಪಟ್ಟಿಗಳಿಗೆ ಮನೆಯಾಯಿತು. ಜಿಲ್ಲೆಯ ಅಧಿಕಾರಿಯಾಗಿದ್ದ ಜೆ. ಡೇವಿಡ್ಸನ್ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದ ದೀರ್ಘ ಲೇಖನ ಬಂದದ್ದು ಇದೇ ಪತ್ರಿಕೆಯಲ್ಲಿ, 1898ರಲ್ಲಿ. ಉಪ್ಪು-ಸುಂಕದ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ ಸೊಸೈಟಿಯ ಸ್ಥಾಪಕರಲ್ಲೊಬ್ಬ. ಈ ಜಿಲ್ಲೆಯ ಕಾಡು ಸುತ್ತಿ 1894ರಲ್ಲಿ ಪುಸ್ತಕ ಮಾಡಿದ. ನಗೆಯ ಮನುಷ್ಯ, ಇರುವೆಯ ಬಗ್ಗೆಯೂ ಪುಟಗಟ್ಟಲೆ ಬರೆಯಬಲ್ಲವ. ಇವರ ಬರಹದಲ್ಲಿ ಗೂಡು ತೋರಿಸಿದ, ಮರ ಹತ್ತಿದ, ಜಾಡು ಹಿಡಿದ ಸ್ಥಳೀಯನಿಗೆ ಹೆಸರಿರುವುದು ಅಪರೂಪ. ಕಾಡನ್ನು ಕಲಿಸಿದವನು ಅವನೇ. ಆದರೆ ತನ್ನ ಅನುಭವವನ್ನು ಬರೆದಿಟ್ಟರೆ ಅದು ತಪ್ಪೊಪ್ಪಿಗೆಯಾಗುತ್ತಿತ್ತು. ಅವನ ಕತೆ ಜಗಲಿಯ ಮೇಲೆ, ಕವಳ ಹಾಕುವ ಹೊತ್ತಿನಲ್ಲಿ ಹುಟ್ಟಿ ಅಲ್ಲೇ ಮುಗಿಯಿತು.

ಕಾಡುಹುಂಜಕ್ಕೆ ಇನ್ನೊಂದು ಕುತ್ತೂ ಇತ್ತು. ಅದರ ಕೊರಳ ಗರಿಯಲ್ಲಿ ಮೇಣ ಅಂಟಿಸಿದಂಥ ಹೊಳೆಯುವ ಹಳದಿ ಚುಕ್ಕೆಗಳಿವೆ. ಬ್ರಿಟನ್ನಿನಲ್ಲಿ ಸಾಲ್ಮನ್ ಮೀನಿಗೆ ಗಾಳ ಹಾಕುವವರು ನೊಣದ ಆಕಾರದ ಹುಸಿ ಎರೆ ಕಟ್ಟಲು ಈ ಗರಿಯನ್ನೇ ಬಯಸಿದರು. ವಸಂತದ ಹುಂಜದಲ್ಲಿ ಗರಿ ಪೂರ್ತಿ ತುಂಬಿರುತ್ತದೆ. ಸ್ಕಾಟ್ಲೆಂಡಿನ ಹೊಳೆಯ ಮೀನಿಗಾಗಿ ದಕ್ಷಿಣ ಭಾರತದ ಕೋಳಿ ಸಾಯುವ ಈ ವಿಚಿತ್ರ ವ್ಯಾಪಾರಕ್ಕೆ 1902ರಲ್ಲಿ, ಕಾಡುಹಕ್ಕಿಗಳ ಗರಿ ರಫ್ತನ್ನು ಸರ್ಕಾರ ನಿಷೇಧಿಸಿದಾಗ, ಕಡಿವಾಣ ಬಿತ್ತು. ಕಳ್ಳಸಾಗಣೆ ಮಾತ್ರ ಬಹುಕಾಲ ನಡೆಯಿತು. 1912ರ ವನ್ಯಪಕ್ಷಿ ಮತ್ತು ಪ್ರಾಣಿ ರಕ್ಷಣಾ ಕಾಯಿದೆ ಬೇಟೆ ನಿಷಿದ್ಧವಾದ ತಿಂಗಳುಗಳನ್ನು ಗೊತ್ತುಮಾಡಲು ಪ್ರಾಂತಗಳಿಗೆ ಅಧಿಕಾರ ಕೊಟ್ಟಿತು. ಮರಿ ಮಾಡುವ ಕಾಲದಲ್ಲಿ ಕೊಲ್ಲಬಾರದೆಂಬ ತತ್ತ್ವ ಸರಿಯೇ. ಗೂಟದ ಹುಂಜದ ವಿದ್ಯೆಯೆಲ್ಲ ನಿಂತಿದ್ದದ್ದು ಮಾತ್ರ ಅದೇ ಕಾಲದ ಮೇಲೆ.

ಸ್ವಾತಂತ್ರ್ಯ ಬಂದರೂ ಪರವಾನಿಗೆಯ ತರ್ಕ ಬದಲಾಗಲಿಲ್ಲ. 1951ರಲ್ಲಿ ಮುಂಬಯಿ ರಾಜ್ಯ ತನ್ನದೇ ವನ್ಯಜೀವಿ ಕಾಯಿದೆ ಮಾಡಿತು. 1956ರ ನವೆಂಬರ್‌ನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1959ರ ಆಯುಧ ಕಾಯಿದೆ ರೈತನ ಬೆಳೆ ರಕ್ಷಣೆಗೆಂದು ಒಂದು ದಾರಿ ಬಿಟ್ಟಿತು. ಅದೂ ಬಾಯಿಯಿಂದ ಮದ್ದು ತುಂಬುವ ಕೋವಿಗೆ. ಅಂದರೆ ಕೇಪಿನ ಕೋವಿ: ನಳಿಗೆಗೆ ಮಸಿ ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಕೇಪು ಕೂರಿಸಿ ಕಾಯಬೇಕು. ಒಂದೇ ಈಡು. ಮಳೆಗಾಲದ ಥಂಡಿಗೆ ಮಸಿ ಮೆದುವಾದರೆ ಅದೂ ಇಲ್ಲ. ಹಂದಿ ಮಾತ್ರ ಮಳೆಗಾಲದ ಗದ್ದೆಗೂ ಬರುತ್ತದೆ, ಸುಗ್ಗಿಯ ಗದ್ದೆಗೂ ಬರುತ್ತದೆ.

ಹೆಚ್ಚಿನವರು 1972ರಲ್ಲೇ ಬೇಟೆ ನಿಂತಿತೆನ್ನುತ್ತಾರೆ. ಕಾಯಿದೆಯ ಹಾಳೆ ತೆರೆದರೆ ಚಿತ್ರ ಬೇರೆ. ಆ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ಪರವಾನಿಗೆಗಳ ಅವಕಾಶ ಉಳಿದೇ ಇತ್ತು. ಅದನ್ನು ಪೂರ್ತಿ ಕಿತ್ತುಹಾಕಿದ್ದು 1991ರ ತಿದ್ದುಪಡಿ. ಅಮೆರಿಕ ಹಿಡಿದ ದಾರಿ ಇದಕ್ಕೆ ಎದುರು. ಅಲ್ಲಿ 1937ರ ಕಾಯಿದೆಯೊಂದು ಕೋವಿ ಮತ್ತು ತೋಟೆಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟಿತು. ಅಳಿವಿನಂಚಿಗೆ ಬಂದಿದ್ದ ಕಾಡು ಟರ್ಕಿ ಇಂದು ಲಕ್ಷಗಟ್ಟಲೆ ಇದೆ, ವಸಂತದ ಬೇಟೆಯ ಕತೆಗಳನ್ನು ಜನ ಎದೆ ಉಬ್ಬಿಸಿ ಹೇಳುತ್ತಾರೆ. ಅದನ್ನೇ ಇಲ್ಲಿ ಮಾಡಬಹುದಿತ್ತೆಂಬ ವಾದಕ್ಕೆ ಈ ಇಕ್ಕಟ್ಟಿನ ಕಾಡಿನಲ್ಲಿ ಬಲವಿಲ್ಲ.

ಕನ್ನಡದಲ್ಲಿ ಎದೆ ಉಬ್ಬಿಸದೆಯೂ ಬೇಟೆಯ ಕತೆ ಹೇಳಿದವರಿದ್ದಾರೆ. ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳು ಇಳಿವಯಸ್ಸಿನಲ್ಲಿ ಬರೆದ ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಇಂದಿಗೂ ಓದಿಸಿಕೊಳ್ಳುತ್ತವೆ. ಅವರ ಕೈಯಲ್ಲಿ ಕೋವಿಯೂ ಇತ್ತು, ಅದಕ್ಕೆ ಕಾಗದವೂ ಇತ್ತು. ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು 1979ರಲ್ಲಿ ತಮ್ಮ ಕಾದಂಬರಿಗೆ ‘ಶಿಕಾರಿ’ ಎಂದೇ ಹೆಸರಿಟ್ಟರು. ಆದರೆ ಅಲ್ಲಿ ಬೇಟೆ ನಡೆಯುವುದು ಮುಂಬಯಿಯ ಕಂಪನಿ ಕಚೇರಿಗಳಲ್ಲಿ, ಬೇಟೆಗೆ ಗುರಿಯಾದವನು ನಾಗಪ್ಪ.

ಕಾಡಿನೊಳಗೆ ಉಳಿದದ್ದನ್ನು ಲೆಕ್ಕ ಹಾಕಿದವರು ಜೀವವಿಜ್ಞಾನಿಗಳು. ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಶಿರಸಿ-ಹೊನ್ನಾವರ ಕಾಡನ್ನು ಕೊಡಗಿನ ಬ್ರಹ್ಮಗಿರಿ-ಮಾಕುಟ್ಟದೊಡನೆ ಹೋಲಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇಟೆಯ ರೀತಿ ಬೇರೆಯಾದಂತೆ ಉಳಿದ ಪ್ರಾಣಿಗಳೂ ಬೇರೆ. ಮಂಗನಿಗೆ ಈಡು ಹೊಡೆಯಲು ಅಳುಕುವ ಈ ಸೀಮೆಯಲ್ಲಿ ಸಿಂಗಳೀಕದ 32 ಗುಂಪುಗಳು ಸಿಕ್ಕವು. 2011ರಲ್ಲಿ ಅಘನಾಶಿನಿ ಕಣಿವೆ ಸಿಂಗಳೀಕದ ಸಂರಕ್ಷಣಾ ಮೀಸಲಾಯಿತು. 2019ರಲ್ಲಿ ಅದು 1972ರ ಶರಾವತಿ ಕಣಿವೆ ಅಭಯಾರಣ್ಯದೊಳಗೆ ಸೇರಿತು. ಕಾವಲು ಕಾಯಿದೆಯದೆಂದು ಫಲಕ ಹೇಳುತ್ತದೆ. ಹನುಮಂತನ ಪಾಲೂ ಅದರಲ್ಲಿದೆ.

ಕಾಡುಹಂದಿಗೆ ಅಂಥ ದೇವರ ರಕ್ಷೆ ಸಿಗಲಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಗೆಣಸು, ಭತ್ತ, ಎಳೆ ಅಡಿಕೆ ಗಿಡ ಯಾವುದನ್ನೂ ಅದು ಬಿಡುವುದಿಲ್ಲ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು. ಕೋವಿಗೆ ಜಿಲ್ಲಾಡಳಿತದ ಪರವಾನಿಗೆ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಚುನಾವಣೆ ಘೋಷಣೆಯಾದೊಡನೆ, ವಿನಾಯಿತಿ ಸಿಗದವರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಉತ್ತರ ಕನ್ನಡದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಕಾಡುಹುಂಜ ಕೂಗುವ ಕಾಲದ ಬಹುಪಾಲನ್ನು ಆ ವರ್ಷ ವಿನಾಯಿತಿ ಸಿಗದ ಬೆಳೆ ರಕ್ಷಣೆಯ ಕೋವಿಗಳು ಠಾಣೆಯ ಕೋಣೆಯಲ್ಲೇ ಕಳೆದವು. ರಸೀದಿ ಹಿಡಿದು ಅವನ್ನು ಬಿಡಿಸಿಕೊಂಡು ಬರುವ ಹೊತ್ತಿಗೆ ಕರಾವಳಿಗೆ ಮಳೆ ಬರುವ ಕಾಲ.