ಚುಕ್ಕಾಣಿ ಪೀಠ

ದೋಣಿ, ವಿಹಾರನೌಕೆ ಅಥವಾ ಹಡಗನ್ನು ನಡೆಸುವವನು ಚುಕ್ಕಾಣಿಯ ಬಳಿ ಕುಳಿತು, ಒರಗಿ ಅಥವಾ ಅರೆನಿಂತ ಭಂಗಿಯಲ್ಲಿ ಕೆಲಸ ಮಾಡಲು ಅನುವಾಗುವಂತೆ ರೂಪಿಸಿದ ಆಸನಕ್ಕೆ ಚುಕ್ಕಾಣಿ ಪೀಠವೆಂಬ ಹೆಸರು ಸಲ್ಲುತ್ತದೆ. ಇಂಥ ಪೀಠದ ಯೋಗ್ಯತೆಯನ್ನು ಮೆತ್ತೆಯ ಮೃದುತ್ವಕ್ಕಿಂತ ಹೆಚ್ಚಾಗಿ ಅಲ್ಲಿಂದ ಮುಂದಿನ ನೀರು ಎಷ್ಟು ಕಾಣುತ್ತದೆ, ಚಕ್ರವೂ ವೇಗದ ಹಿಡಿಯೂ ಕೈಗೆ ಎಟುಕುತ್ತವೆಯೇ, ಪಾದಕ್ಕೆ ಆಸರೆ ಸಿಗುತ್ತದೆಯೇ, ಅಲೆಯ ಪೆಟ್ಟು ಬೆನ್ನನ್ನು ಮುಟ್ಟುವ ಮೊದಲು ಎಷ್ಟು ತಗ್ಗುತ್ತದೆ ಎಂಬುದರಿಂದ ಅಳೆಯಲಾಗುತ್ತದೆ. ಕನ್ನಡದ ಚುಕ್ಕಾಣಿ ಎಂಬ ಪದ ಅರಬ್ಬಿಯ ‘ಸುಕ್ಕಾನ್’ ಎಂಬುದರಿಂದ ಕಡಲ ವ್ಯಾಪಾರದ ಜೊತೆಗೆ ಬಂದದ್ದು. ಬ್ರಿಟಿಷರ ಕಾಲದ ಹಡಗುಗಳಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದ ಭಾರತೀಯ ನಾವಿಕನನ್ನು ಅದೇ ಮೂಲದ ‘ಸೀಕನ್ನಿ’ ಎಂಬ ಹೆಸರಿನಿಂದ ಕರೆಯುತ್ತಿದ್ದರು. ಪದ ಹಳೆಯದಾದರೂ ಆ ಜಾಗದಲ್ಲಿ ಕೂರುವ ಪದ್ಧತಿ ದೊಡ್ಡ ಹಡಗುಗಳ ಮಟ್ಟಿಗೆ ತೀರ ಈಚಿನದು. ತುಂಗಭದ್ರೆಯ ಹರಿಗೋಲಿಗಂತೂ ಈ ಪ್ರಶ್ನೆಯೇ ಇಲ್ಲ; ಗುಂಡಗಿನ ಆ ದೋಣಿಗೆ ಹಿಂದು ಮುಂದೆಂಬುದಿಲ್ಲ, ಚುಕ್ಕಾಣಿಯೂ ಇಲ್ಲ.

ಪಕ್ಕದ ಹುಟ್ಟಿನಿಂದ ದಿಕ್ಕು ತಿರುಗಿಸುತ್ತಿದ್ದ ಕಾಲದಲ್ಲಿ ಆಸನವೆಂದರೆ ಹಲಗೆ, ಪೆಟ್ಟಿಗೆ ಅಥವಾ ದೋಣಿಯ ಅಂಚು. ನಾರ್ವೆಯಲ್ಲಿ 1880ರಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಹಡಗಿನಲ್ಲಿ 32 ಹುಟ್ಟುಗಳಿಗೆ ಎಡೆಯಿದ್ದರೂ ಕೂರುವ ಹಲಗೆಗಳಿಲ್ಲದ ಕಾರಣ, ನಾವಿಕರು ತಮ್ಮ ಸಾಮಾನಿನ ಪೆಟ್ಟಿಗೆಗಳ ಮೇಲೆಯೇ ಕುಳಿತಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಯುರೋಪಿನ ಹಡಗುಗಳು ಬೆಳೆದಂತೆ ಚುಕ್ಕಾಣಿಗನ ಸ್ಥಿತಿ ಸುಧಾರಿಸುವ ಬದಲು ಕೆಟ್ಟಿತು. 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾದಂಥ ನೌಕೆಗಳಲ್ಲಿ ಅವನು ಮೇಲ್ಮಾಳಿಗೆಯ ಕೆಳಗೆ ನಿಂತು, ಚುಕ್ಕಾಣಿಯ ಅಡ್ಡಮರಕ್ಕೆ ಜೋಡಿಸಿದ ನೆಟ್ಟನೆಯ ಸನ್ನೆಗೋಲನ್ನು ಅತ್ತಿತ್ತ ಬಾಗಿಸಬೇಕಿತ್ತು. ಎದುರಿನ ಕಡಲು ಕಾಣದಿದ್ದುದರಿಂದ ದಿಕ್ಸೂಚಿಯನ್ನೂ ಮೇಲಿನಿಂದ ಬರುವ ಅಪ್ಪಣೆಯನ್ನೂ ನಂಬಬೇಕಿತ್ತು. 18ನೆಯ ಶತಮಾನದ ಆರಂಭದಲ್ಲಿ ಬಂದ ಚಕ್ರ ಅವನನ್ನು ಮೇಲಕ್ಕೆ ತಂದಿತಾದರೂ ಕೂರಿಸಲಿಲ್ಲ. ಬಿರುಗಾಳಿಯಲ್ಲಿ ಹಲವರು ಒಟ್ಟಿಗೆ ಹಿಡಿಯಬೇಕಾದ ಆ ಚಕ್ರಕ್ಕೆ ಮೈಭಾರವೆಲ್ಲ ಬೇಕಾಗುತ್ತಿತ್ತು. ನಿಂತಿರುವುದೇ ಎಚ್ಚರದ ಗುರುತು ಎಂಬ ಭಾವನೆಗೆ ಬೇರು ಈ ದುಡಿಮೆಯಲ್ಲಿದೆ. ದುಡಿಮೆ ಹಗುರವಾದ ಮೇಲೂ ಭಾವನೆ ಮಾತ್ರ ಬಹುಕಾಲ ಉಳಿಯಿತು.

ಹಾಯಿಯ ವಿಹಾರನೌಕೆಗಳಲ್ಲಿ ಸಮಸ್ಯೆ ಬೇರೆ ಬಗೆಯದು. ಗಾಳಿಗೆ ನೌಕೆ ಒಂದು ಮಗ್ಗುಲಿಗೆ ವಾಲುವುದರಿಂದ ಸಮತಟ್ಟಾದ ಆಸನ ಜಾರುಬಂಡೆಯಾಗುತ್ತದೆ. ಟಿಲ್ಲರ್, ಅಂದರೆ ಚುಕ್ಕಾಣಿಗೆ ನೇರವಾಗಿ ಕೂಡಿಸಿದ ಹಿಡಿಗೋಲು ಇರುವ ಸಣ್ಣ ನೌಕೆಯಲ್ಲಿ ನಾವಿಕನು ಗಾಳಿ ಬೀಸುವ ಕಡೆಯ ಅಂಚಿನಲ್ಲಿ ಕೂರುತ್ತಾನೆ. ಅಲ್ಲಿಂದ ಹಾಯಿಯ ಮುಂದಂಚು ಕಾಣುತ್ತದೆ, ಅವನ ತೂಕವೂ ನೌಕೆಯನ್ನು ನೆಟ್ಟಗಿಡಲು ನೆರವಾಗುತ್ತದೆ. ಕೈ ಅಷ್ಟು ದೂರಕ್ಕೆ ಎಟುಕದಾದಾಗ ಹಿಡಿಗೋಲಿನ ತುದಿಗೆ ತಿರುಗುವ ಇನ್ನೊಂದು ಕೋಲನ್ನು ಜೋಡಿಸಲಾಯಿತು. ಚಕ್ರವಿರುವ ನೌಕೆಗಳಲ್ಲಿ ಹಿಂದಿನ ಆಸನವನ್ನು ಬಿಲ್ಲಿನಂತೆ ಬಾಗಿಸಿ ಇಕ್ಕೆಲಗಳಲ್ಲಿ ಎತ್ತರಿಸುವುದು ರೂಢಿಗೆ ಬಂತು. ನೌಕೆ ವಾಲಿದಾಗ ಆಸನದ ಕೆಳಬದಿಯ ಭಾಗ ಹೆಚ್ಚುಕಡಿಮೆ ಮಟ್ಟಸವಾಗುತ್ತದೆ, ನೆಲಕ್ಕೆ ಬಡಿದ ಮರದ ಪಟ್ಟಿಗಳು ಪಾದಕ್ಕೆ ಅಡ್ಡ ಸಿಗುತ್ತವೆ. ಅಗ್ಗದ, ಸರಳವಾದ ಈ ಪರಿಹಾರವನ್ನು ಮೀರಿಸುವಂಥದ್ದು ಹಾಯಿನೌಕೆಗಳಲ್ಲಿ ಇನ್ನೂ ಬಂದಂತಿಲ್ಲ.

ಚುಕ್ಕಾಣಿಯನ್ನೇ ಬಿಟ್ಟು ಒಳಗೆ ಕೂರುವ ಉಪಾಯವೂ ಉಂಟು. 1895ರಿಂದ 1898ರವರೆಗೆ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಜೋಶುವಾ ಸ್ಲೋಕಮ್ ಚಕ್ರವನ್ನು ಹಗ್ಗದಿಂದ ಕಟ್ಟಿಟ್ಟು ಸಾಗುತ್ತಿದ್ದ. ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ 23 ದಿನಗಳಲ್ಲಿ ಚುಕ್ಕಾಣಿಯ ಬಳಿ ಕಳೆದದ್ದು ಮೂರು ಗಂಟೆ ಮೀರದು ಎಂದು ಅವನೇ ದಾಖಲಿಸಿದ್ದಾನೆ. 1960ರ ಮೊದಲ ಅಟ್ಲಾಂಟಿಕ್ ಒಂಟಿ ಪಂದ್ಯದಲ್ಲಿ ಎರಡನೆಯವನಾಗಿ ಗುರಿ ಮುಟ್ಟಿದ ಬ್ಲಾಂಡಿ ಹ್ಯಾಸ್ಲರ್, ಗಾಳಿಪಟ್ಟಿಯಿಂದ ನಡೆಯುವ ಸ್ವಯಂಚಾಲಿತ ಚುಕ್ಕಾಣಿಯನ್ನು ಅಳವಡಿಸಿ, ಜೆಸ್ಟರ್ ಎಂಬ ತನ್ನ ನೌಕೆಯ ನಡುಗಂಡಿಯಿಂದಲೇ ಹಾಯಿಯನ್ನು ಸಂಭಾಳಿಸಿದ.

ಪೀಠ ನಿಜವಾದ ಎಂಜಿನಿಯರಿಂಗ್ ವಿಷಯವಾದದ್ದು ಮೋಟಾರು ದೋಣಿಯ ವೇಗದಿಂದ. 1920ರ ದಶಕದಲ್ಲಿ ಅಮೆರಿಕದ ಕ್ರಿಸ್‌ಕ್ರಾಫ್ಟ್ ಮುಂತಾದ ಸಂಸ್ಥೆಗಳು, ಆಮೇಲೆ ಇಟಲಿಯ ರೀವಾ, ಮೋಟಾರುಕಾರಿನ ಚರ್ಮದ ಆಸನವನ್ನೇ ದೋಣಿಗೆ ತಂದವು. ಶಾಂತ ಸರೋವರದಲ್ಲಿ ಅದು ಸೊಗಸು. ಕಡಲಿನಲ್ಲಿ ಮಾತ್ರ ಕಾರಿನ ಚಕ್ರಗಳ ಕೆಳಗಿರುವ ಸ್ಪ್ರಿಂಗು ದೋಣಿಗಿಲ್ಲವೆಂಬ ಸತ್ಯ ಬೇಗ ತಿಳಿಯುತ್ತದೆ. ರೇ ಹಂಟ್ ರೂಪಿಸಿದ ಆಳವಾದ ‘ವಿ’ ಆಕಾರದ ತಳವುಳ್ಳ ಮಾಪೀ ಎಂಬ ದೋಣಿ 1960ರ ಮಯಾಮಿ–ನಸ್ಸಾವ್ ಪಂದ್ಯವನ್ನು ಗೆದ್ದ ಮೇಲೆ ಒರಟು ನೀರಿನಲ್ಲೂ ವೇಗ ಸಾಧ್ಯವೆಂಬುದು ಸ್ಪಷ್ಟವಾಯಿತು, ಪೆಟ್ಟುಗಳೂ ಅಷ್ಟೇ ಹೆಚ್ಚಿದವು. ಪಂದ್ಯದ ಚಾಲಕರು ಸೊಂಟವನ್ನು ಮೂರು ಕಡೆಯಿಂದ ಹಿಡಿದಿಡುವ ಬೋಲ್‌ಸ್ಟರ್ ಎಂಬ ದಿಂಬುಗೂಡಿನಲ್ಲಿ ಮೊಣಕಾಲು ಸಡಿಲಿಸಿ ನಿಲ್ಲತೊಡಗಿದರು. ಮೀನುಗಾರಿಕೆಯ ದೋಣಿಗಳಲ್ಲಿ ಪೃಷ್ಠವನ್ನಷ್ಟೇ ಊರಿ ನಿಲ್ಲುವ ಒರಗುಗಂಬ ಇದರ ಸರಳ ರೂಪ.

ಬಾಗಿದ ಮೊಣಕಾಲು ಉತ್ತಮ ಸ್ಪ್ರಿಂಗು, ಆದರೆ ಬೇಗ ದಣಿಯುತ್ತದೆ. ಮಾಮೂಲಿ ಕುರ್ಚಿಯಲ್ಲಿ ಕುಳಿತರೆ ಸೊಂಟದೆಲುಬು ಹಿಂದಕ್ಕೆ ತಿರುಗಿ, ಬೆನ್ನಿನ ಕೆಳಭಾಗದ ಸಹಜ ಬಾಗು ಮಾಯವಾಗಿ, ಪೆಟ್ಟು ನೇರವಾಗಿ ಕಶೇರುಗಳ ನಡುವಿನ ಮೆತ್ತೆಗಳ ಮೇಲೆ ಬೀಳುತ್ತದೆ. ಕುದುರೆಯ ಜೀನಿನಂತೆ ಕಾಲು ಇಳಿಬಿಟ್ಟು ಕೂರುವ ಆಸನ ಈ ಎರಡರ ನಡುವಿನ ದಾರಿ: ತೊಡೆ ಕೆಳಮುಖವಾಗಿ ಬೆನ್ನಿನ ಬಾಗು ಉಳಿಯುತ್ತದೆ, ಪೆಟ್ಟಿನ ಒಂದು ಪಾಲನ್ನು ಕಾಲು ಹೊರುತ್ತದೆ. ವೇಲ್ಸ್‌ನ ಅಟ್ಲಾಂಟಿಕ್ ಕಾಲೇಜಿನಲ್ಲಿ 1960ರ ದಶಕದಲ್ಲಿ ಬೆಳೆದ, ಗಾಳಿ ತುಂಬಿದ ಅಂಚಿನ ಗಟ್ಟಿತಳದ ದೋಣಿಯಿಂದ ಹುಟ್ಟಿ 1972ರಲ್ಲಿ ಬ್ರಿಟನ್ನಿನ ಜೀವರಕ್ಷಕ ಸೇವೆಗೆ ಸೇರಿದ ಅಟ್ಲಾಂಟಿಕ್ 21 ದೋಣಿಯಲ್ಲಿ ಇಂಥ ಆಸನವಿತ್ತು. ಮುಂದೆ ಆಸನದ ಕೆಳಗೆ ಸ್ಪ್ರಿಂಗನ್ನೂ ಅದರ ಪುಟಿತವನ್ನು ತಡೆಯುವ ಡ್ಯಾಂಪರನ್ನೂ ಅಳವಡಿಸಲಾಯಿತು. ಡ್ಯಾಂಪರಿಲ್ಲದ ಸ್ಪ್ರಿಂಗು ಕುಳಿತವನನ್ನು ಮುಂದಿನ ಅಲೆಗೆ ಸರಿಯಾಗಿ ಮೇಲಕ್ಕೆಸೆಯಬಲ್ಲದು. ತೀರ ಮೆತ್ತಗಿನ ಫೋಮು ತಳಮುಟ್ಟಿ ಪೆಟ್ಟನ್ನು ಇನ್ನಷ್ಟು ಬಲಪಡಿಸಲೂಬಹುದು. ಅಂಗಡಿಯಲ್ಲಿ ಕುಳಿತು ನೋಡಿದಾಗ ಹಿತವೆನಿಸುವ ಪೀಠ ಕಡಲಿನಲ್ಲಿ ಸೋಲುವುದು ಇದರಿಂದಲೇ.

ಐರೋಪ್ಯ ಒಕ್ಕೂಟದ 2002ರ ನಿರ್ದೇಶನವು ಕೆಲಸಗಾರನ ಇಡೀ ದೇಹಕ್ಕೆ ತಾಗುವ ಕಂಪನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಸೆಕೆಂಡಿನ ವರ್ಗಕ್ಕೆ 0.5 ಮೀಟರನ್ನು ಕ್ರಮ ಕೈಗೊಳ್ಳಬೇಕಾದ ಮಟ್ಟವೆಂದೂ 1.15 ಮೀಟರನ್ನು ಮಿತಿಯೆಂದೂ ಗೊತ್ತುಪಡಿಸಿದ ಬಳಿಕ ವೇಗದ ದೋಣಿಗಳ ಪೀಠ ಉದ್ಯೋಗಸುರಕ್ಷೆಯ ವ್ಯಾಪ್ತಿಗೂ ಬಂತು. ದೊಡ್ಡ ಹಡಗುಗಳಿಗಾಗಿ ಅಂತಾರಾಷ್ಟ್ರೀಯ ಸಾಗರ ಸಂಸ್ಥೆ 2000ದಲ್ಲಿ ಹೊರಡಿಸಿದ ಸೇತುವೆಯ, ಅಂದರೆ ಚಾಲನಾ ಕೊಠಡಿಯ, ವಿನ್ಯಾಸದ ಮಾರ್ಗಸೂಚಿ ಕುಳಿತೂ ನಿಂತೂ ಕೆಲಸ ಮಾಡುವ ಎರಡೂ ಭಂಗಿಗಳನ್ನು ಗಣನೆಗೆ ತೆಗೆದುಕೊಂಡಿದೆ. ಈಗಿನ ಹಲವು ಹಡಗುಗಳಲ್ಲಿ ಪೀಠ ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ, ಚುಕ್ಕಾಣಿಯೂ ಸಣ್ಣ ಹಿಡಿಯಾಗಿ ಅದರ ತೋಳಿನ ಮೇಲೆಯೇ ಬಂದು ಕೂತಿದೆ.